ಏಳು ಪ್ರಶ್ನೆ, ಮೂವತ್ತಾರು ಮೆಟ್ಟಿಲು

ಕಾಲುವೆ ಬಂದ ವರ್ಷ ನೀರು ಹುಣಸಿದಿನ್ನಿಯ ಬುಡದವರೆಗೆ ಬಂದು, ತಲೆ ಎತ್ತಿ ಊರನ್ನು ನೋಡಿ, ಅಷ್ಟು ಎತ್ತರ ತನ್ನಿಂದಾಗದು ಎಂದು ಬಳಸಿಕೊಂಡು ಮುಂದೆ ಹೋಯಿತು. ದಿನ್ನಿಯ ಮೇಲೆ ಊರು ಕಟ್ಟಿದ ಹಿರಿಯರಿಗೆ ಹಳ್ಳ ತುಂಬಿ ಬರುವ ಭಯವಿತ್ತೇ ಹೊರತು, ಮುಂದೊಂದು ದಿನ ಸರ್ಕಾರ ಹೊಳೆಯನ್ನೇ ಹೊರಳಿಸಿ ತಂದೀತು ಎಂಬ ಅಂದಾಜಿರಲಿಲ್ಲ. ಹೀಗಾಗಿ ಊರಿನ ಹೆಂಗಸರು ಹಗಲೆಲ್ಲ ಕೆಳಗೆ ತುರ್ವಿಹಾಳದವರ ಗದ್ದೆಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ನೆಲ್ಲು ಹಚ್ಚುವರು. ಸಂಜೆ ದಿನ್ನಿ ಹತ್ತಿ ಬಂದು, ಕುಡಿಯುವ ನೀರಿಗಾಗಿ ಹಳೆಯ ಮೆಟ್ಟಿಲ ಬಾವಿಗೆ ಇಳಿಯುವರು. ಮೂವತ್ತಾರು ಮೆಟ್ಟಿಲು. ಕೊನೆಯ ಮೆಟ್ಟಿಲಿನ ಪಕ್ಕದ ಗೂಡಿನಲ್ಲಿ ಗಂಗಮ್ಮ ಕೂತಿದ್ದಳು. ಇಳಿದವರು ಪಾದವನ್ನು ನೀರಿನಲ್ಲಿಟ್ಟು, ಅವಳಿಗೆ ಕೈಮುಗಿದು, ಆಮೇಲೆ ಕೊಡ ಮುಳುಗಿಸುವುದು ವಾಡಿಕೆ.

ಆ ಬಾವಿಯಿಂದ ಊರಿಗೆ ನೀರಿನ ಜೊತೆ ಇನ್ನೊಂದು ಬರುತ್ತಿತ್ತು. ಅದು ನಾರುಹುಣ್ಣು. ಬೇಸಿಗೆ ಮುಗಿಯುವ ಹೊತ್ತಿಗೆ ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಬೆಂಕಿಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಷ್ಟು ಎಳೆಯಬೇಕು. ಅವಸರ ಮಾಡಿದರೆ ಹುಳ ಹರಿದು ಕಾಲು ಕೀವಾಗುತ್ತದೆ. ಹುಳಕ್ಕಂತೂ ಅವಸರವಿಲ್ಲ, ತಿಂಗಳು, ಒಂದೂವರೆ ತಿಂಗಳು ಮನುಷ್ಯನನ್ನು ಮಲಗಿಸಿಯೇ ಅದು ಹೊರಡುವುದು, ಅದೂ ನಾಟಿಯ ಕೂಲಿ ಸಿಗುವ ದಿನಗಳಲ್ಲಿ. ಮೈಯ ಕಾವು ಎಂದು ಕೆಲವರು, ಗಂಗಮ್ಮನ ಮುನಿಸು ಎಂದು ಕೆಲವರು.

ಗದ್ದೆಮ್ಮ ಎರಡನ್ನೂ ಒಪ್ಪುತ್ತಿರಲಿಲ್ಲ. ಗಂಡ ತೀರಿದ ಮೇಲೆ ಮಗಳನ್ನು ಕರೆದುಕೊಂಡು ತವರೂರಿಗೇ ಬಂದು ನೆಲೆಸಿದವಳು ಅವಳು. ಇಪ್ಪತ್ತು ಹೆಂಗಸರ ನಾಟಿ ಗುಂಪಿಗೆ ಹಿರಿಯಾಳು. ಸಾಲು ಹಿಡಿದು ನೆಟ್ಟು ನೆಟ್ಟು ಅವಳಿಗೆ ಎಲ್ಲವನ್ನೂ ಸಾಲಾಗಿ ನೋಡುವ ಅಭ್ಯಾಸವಾಗಿತ್ತು. ತುರ್ವಿಹಾಳದ್ದು ಹಗ್ಗ ಹಾಕಿ ಸೇದುವ ಬಾವಿ, ಯಾರೂ ಕಾಲಿಡುವುದಿಲ್ಲ. ಆ ಊರಿಗೆ ಕೊಟ್ಟ ಹುಣಸಿದಿನ್ನಿಯ ಹೆಣ್ಣುಮಕ್ಕಳಿಗೆ ಮದುವೆಯಾದ ಮೊದಲ ವರ್ಷ ಹುಣ್ಣು ಬರುತ್ತಿತ್ತು, ಎರಡನೆಯ ವರ್ಷ ಬರುತ್ತಿರಲಿಲ್ಲ. ಬಾಣಂತನಕ್ಕೆ ತವರಿಗೆ ಬಂದು ಹೋದವರಿಗೆ ಮರುವರ್ಷ ಮತ್ತೆ ಬರುತ್ತಿತ್ತು.

"ಮುನಿಸಾಗಿದ್ರ ಗಂಗಮ್ಮಗ ತುರ್ವಿಹಾಳದ ದಾರಿ ಗೊತ್ತಿಲ್ಲೇನು?" ಎಂದು ಅವಳು ಕೇಳುತ್ತಿದ್ದಳು. "ಮುನಿಸಲ್ಲಬೇ, ನೀರು. ಈ ವರ್ಷ ಕುಡದ ನೀರು ಬರೋ ವರ್ಷ ಕಾಲಾಗ ಹೊಂಡತೈತಿ. ಹುಣ್ಣಿನ ಕಾಲು ಅದರಾಗ ಅದ್ದಿ, ಅದೇ ನೀರು ಮನಿಗೆ ಹೊತ್ಕೊಂಡು ಬರತೀವಿ."

ಅವಳ ಮಗಳು ಗ್ಯಾನಮ್ಮನಿಗೆ ಹದಿನೆಂಟು ವರ್ಷ. ಮೂರು ವರ್ಷದಿಂದ ಹುಣ್ಣು ಬಲಗಾಲನ್ನು ಬಿಟ್ಟಿರಲಿಲ್ಲ. ಸಿಂಧನೂರಿನ ಡಾಕ್ಟರು ಪಾದ ತಿರುಗಿಸಿ ನೋಡಿ, ಹೀಗೇ ವರ್ಷ ವರ್ಷ ಬರುತ್ತಾ ಹೋದರೆ ಹಿಮ್ಮಡಿಯ ಕೀಲು ಕೂತುಬಿಡುತ್ತದೆ, ಆಮೇಲೆ ಯಾರಿಂದಲೂ ಬಿಡಿಸಲಾಗದು ಎಂದಿದ್ದರು. ಅಂದಿನಿಂದ ಗದ್ದೆಮ್ಮನ ಬೇಡಿಕೆ ಒಂದೇ: ಆ ಮೆಟ್ಟಿಲು ಮುಚ್ಚಬೇಕು.

ಊರ ಪಂಚಾಯ್ತಿಯ ಚೇರ್ಮನ್ ಆದಪ್ಪ ಅವಳ ಸ್ವಂತ ತಮ್ಮ. ಆದರೆ ಸ್ವಂತ ತಮ್ಮನಿಗೆ ಅಕ್ಕನ ಮಾತು ಕೇಳಿಸಬೇಕಾದರೆ ಅದು ಹೊರಗಿನಿಂದ ಸುತ್ತಿ ಬರಬೇಕಾಗುತ್ತದೆ. ಅದು ಹಾಗೆಯೇ ಬಂತು, ಒಂದು ಮಾಘ ಮಾಸದಲ್ಲಿ, ಸಿಂಧನೂರಿನಿಂದ ಟಪಾಲಿನಲ್ಲಿ.

ಕಾಗದ ಓದಿದವರು ಶಾಮೀದಸಾಬರು. ನಿಜಾಮರ ಕಾಲದ ಕಚೇರಿಯಲ್ಲಿ ಕಾರಕೂನರಾಗಿದ್ದು, ಈಗ ಕಟ್ಟೆಯ ಮೇಲೆ ಕೂತು ಊರಿನ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದ ಹಿರಿಯರು.

"ಪರದೇಶದ ಒಂದು ಸಂಸ್ಥಾದವರು ಮೂರು ಊರಿಗೆ ಬಾವಿ ಸುಧಾರಿಸಿ ಕೊಡತಾರಂತ. ಇಪ್ಪತ್ತು ಊರು ಅರ್ಜಿ ಹಾಕಾಕತ್ತಾವ. ಏಳು ಪ್ರಶ್ನೆ, ನೂರು ಅಂಕ. ಒಬ್ಬ ಸಾಹೇಬ ಖುದ್ದ ಬಂದು ನೋಡಿ ಅಂಕ ಹಾಕತಾನ. ಅರವತ್ತರ ಕೆಳಗ ಬಿದ್ದ ಊರಿಗೆ ಖುದಾ ಹಾಫಿಜ್."

"ಅಂಕ ಅಂದ್ರ ಸಾಲಿ ಹುಡುಗರಿಗೆ ಹಾಕತಾರಲ್ಲ, ಆ ಅಂಕೇನ್ರಿ?" ಆದಪ್ಪ ಕೇಳಿದ.

"ಅದಾ."

"ಊರಿಗೆ?"

"ಊರಿಗೇ."

ಆದಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಐವತ್ತನೆಯ ವಯಸ್ಸಿನಲ್ಲಿ ಮೊದಲ ಪರೀಕ್ಷೆ ಬಂದಿತ್ತು. ರುಮಾಲು ಸರಿಮಾಡಿಕೊಂಡು, "ಮೊದಲನೇ ಪ್ರಶ್ನೆ ಓದ್ರಿ," ಎಂದ.

"ನಿಮ್ಮ ಊರಿನ ಕೊರತೆ ಏನು? ಮೂವತ್ತು ಅಂಕ."

ಆದಪ್ಪನ ಮುಖ ಕೆಂಪಾಯಿತು.

"ಇದ್ಯಾವ ಪದ್ಧತಿರೀ? ಮನಿಗೆ ಬಂದ ಹೊಸ ಬೀಗರು ಪಡಸಾಲ್ಯಾಗ ಕುಂತು, ನಿಮ್ಮ ಮನ್ಯಾಗ ಏನೇನು ಕೊರತಿ ಐತಿ ಹೇಳ್ರಿ ಅಂತ ಕೇಳತಾರೇನು? ಕೇಳಿದ್ರ ನಾವು ಹೇಳತೀವೇನು? ಬರೀರಿ. ದೇವರ ದಯಾದಿಂದ ಏನೂ ಕೊರತಿ ಇಲ್ಲ."

ಕಂಬದ ಆಚೆ ನಿಂತಿದ್ದ ಗದ್ದೆಮ್ಮ ತಡೆದುಕೊಳ್ಳಲಿಲ್ಲ. "ಕೊರತಿ ಇಲ್ಲದಿದ್ರ ಬಾವಿ ಯಾಕ ಬೇಡಾಕತ್ತೀಯೋ ತಮ್ಮಾ?"

"ಬೇಡಾಕತ್ತಿಲ್ಲಕ್ಕ. ಅವರು ಕೊಡಾಕತ್ತಾರ, ನಾವು ತೊಗೊಳ್ಳಾಕತ್ತೀವಿ. ಎರಡಕ್ಕೂ ಫರಕ್ ಐತಿ."

"ಹುಣ್ಣಿನ ಸುದ್ದಿ ಬರಸೋ."

"ಪರದೇಶದ ಮಂದಿ ಮುಂದ? ಹುಣಸಿದಿನ್ನಿ ಅಂದ್ರ ಕುಂಟರ ಊರು ಅಂತ ಹಡಗಿನ್ಯಾಗ ಸುದ್ದಿ ಹೋಗಬೇಕೇನು? ನಾಳೆ ನಿನ್ನ ಮಗಳನ್ನ ನೋಡಾಕ ಯಾರು ಬರತಾರ?"

ಶಾಮೀದಸಾಬರಿಗೆ ತಮ್ಮದೇ ಒಂದು ಲೆಕ್ಕವಿತ್ತು. ಅವರ ಪ್ರಕಾರ ಒಳ್ಳೆಯ ದರ್ಖಾಸ್ತು ಎಂದರೆ ಅದಬಿನಿಂದ, ವಿನಯ ಮರ್ಯಾದೆಯಿಂದ ಕೂಡಿದ್ದು. ಮೊದಲ ಹಾಳೆಯಲ್ಲಿ ಸಾಹೇಬರ ದಯೆ, ಉದಾರತೆ ಮತ್ತು ಅವರ ದೇಶದ ಹವಾಮಾನವನ್ನು ಹೊಗಳಿದರು. ಎರಡನೆಯ ಹಾಳೆಯಲ್ಲಿ ಹುಣಸಿದಿನ್ನಿಯ ಹಿರಿಯರ ಸೇವೆಗಳನ್ನು ಎಣಿಸಿದರು. ಬಾವಿ ಎಂಬ ಮಾತು ಮೂರನೆಯ ಹಾಳೆಯ ಕೊನೆಯ ಸಾಲಿನಲ್ಲಿ, 'ತಮ್ಮ ಪಾದದ ಧೂಳು' ಎಂಬ ಸಹಿಯ ಪಕ್ಕದಲ್ಲಿ, ಬಹಳ ಸಂಕೋಚದಿಂದ ಬಂದು ನಿಂತಿತು. ನೀರು ತರುವವರನ್ನು ಕೇಳಿದ್ದೀರಾ ಎಂಬ ಪ್ರಶ್ನೆಗೆ ಆದಪ್ಪ, "ಹೌದನ್ರಿ," ಎಂದ. ನೀರು ತರುವವಳು ಕಂಬದ ಆಚೆಯೇ ನಿಂತಿದ್ದಳು, ಅವನು ಅತ್ತ ತಿರುಗಲಿಲ್ಲ. ನಾವು ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು ಎಂಬ ಏಳನೆಯ ಪ್ರಶ್ನೆಗೆ ಅವನಿಗೆ ಯೋಚನೆಯೇ ಬೇಕಾಗಲಿಲ್ಲ. "ಗಂಗಮ್ಮ."

*

ಸಾಹೇಬ ಬರುವ ದಿನ ಮುಂಗಾರಿನ ಮಿರಗ ಮಳೆ ಹಿಡಿಯುವ ಹೊತ್ತಿನಲ್ಲಿ ಗೊತ್ತಾಯಿತು. ಊರಿನಲ್ಲಿ ಆಗ ಹನ್ನೊಂದು ಮಂದಿ ಹುಣ್ಣಿನಿಂದ ಮಲಗಿದ್ದರು.

ಆದಪ್ಪ ತನ್ನ ಜೀವಮಾನದಲ್ಲಿ ನಲವತ್ತೆರಡು ಮದುವೆ ಕೂಡಿಸಿದವನು. ಹೆಣ್ಣು ನೋಡಲು ಬರುವವರಿಗೆ ಮನೆಯನ್ನು ಹೇಗೆ ತೋರಿಸಬೇಕು ಎಂಬುದರಲ್ಲಿ ಬಳಗಾನೂರಿನವರೆಗೆ ಅವನ ಹೆಸರಿತ್ತು. ಎಲ್ಲ ಗೋಡೆಗೂ ಸುಣ್ಣ ಬಳಿಸಿದ. ಬಾವಿಯ ಮೆಟ್ಟಿಲುಗಳನ್ನು ತೊಳೆಸಿ ಕೆಮ್ಮಣ್ಣು ಸಾರಿಸಿ ರಂಗೋಲಿ ಹಾಕಿಸಿದ. ತುರ್ವಿಹಾಳದಿಂದ ಹಿತ್ತಾಳೆ ಕೊಡಗಳನ್ನು ಎರವಲು ತರಿಸಿ ಮೆಟ್ಟಿಲಿಗೊಂದರಂತೆ ಇಡಿಸಿದ. ಹೋಳಿಗೆಗೆ ಬೇಳೆ ನೆನೆಹಾಕಿಸಿದ; ಹೋಳಿಗೆ ತಿಂದ ಮೇಲೆ ಹುಡುಗಿ ಒಲ್ಲೆ ಎಂದವರು ಅವನ ಅನುಭವದಲ್ಲಿ ಕಡಿಮೆ. ಉಳಿದದ್ದು ಹನ್ನೊಂದು ಮಂದಿ. ಅವರಿಗಾಗಿ ಎರಡು ಬಂಡಿ ಕಟ್ಟಿಸಿದ. ಬೆಳಿಗ್ಗೆಯೇ ಅವರನ್ನು ತುರ್ವಿಹಾಳದ ಬೀಗರ ಮನೆಗಳಿಗೆ ಸಾಗಿಸಿ, ಸಂಜೆ ವಾಪಸು ತರುವುದು ಎಂದು ಗೊತ್ತುಮಾಡಿದ.

"ಒಂದಿನದ ಮಾತಕ್ಕ," ಎಂದು ಅವನು ಗದ್ದೆಮ್ಮನಿಗೆ ಹೇಳಿದ. ದನಿ ಮೆತ್ತಗಿತ್ತು. "ಹುಡುಗಿಗೆ ಮೆತ್ತಗ ಹುಲ್ಲು ಹಾಸಿಸೀನಿ. ಬಾವಿ ನಮಗ ಬಂದ್ರ ಗಂಗಮ್ಮಗ ಸೀರಿ ಉಡಸ್ತೀನಿ."

"ಆಗಲಿ," ಎಂದಳು ಗದ್ದೆಮ್ಮ. ಅಷ್ಟು ಬೇಗ ಅಕ್ಕ ಆಗಲಿ ಎಂದದ್ದು ತಮ್ಮನಿಗೆ ಅನುಮಾನ ತರಬೇಕಿತ್ತು. ಸಂತೋಷದಲ್ಲಿ ಅದು ಅವನಿಗೆ ಹೊಳೆಯಲಿಲ್ಲ.

ಬಂಡಿ ಹೊರಡುವಾಗ ಆದಪ್ಪ ತಲೆ ಎಣಿಸಿದ. ಕಂಬಳಿ ಹೊದ್ದ ತಲೆಗಳು ಸರಿಯಾಗಿ ಹನ್ನೊಂದು. ಹನ್ನೊಂದನೆಯ ಕಂಬಳಿಯೊಳಗೆ ಇದ್ದವಳು ಗದ್ದೆಮ್ಮನ ಪಕ್ಕದ ಮನೆಯ ಕರೆಮ್ಮ. ಅವಳ ಎರಡು ಕಾಲೂ ಗಟ್ಟಿಯಾಗಿದ್ದವು. ತುರ್ವಿಹಾಳಕ್ಕೆ ಹೋಗಿ ಬಳೆ ಇಡಿಸಿಕೊಳ್ಳುವ ಆಸೆ ಅವಳಿಗೆ ಯುಗಾದಿಯಿಂದ ಇತ್ತು.

*

ನಿಲ್ಸನ್ ಸಾಹೇಬ ಉದ್ದ ಮನುಷ್ಯ, ಬಿಸಿಲಿಗೆ ಕೆಂಪಾದ ಮುಖ. ಕೈಯಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಅಂಕದ ಹಾಳೆ, ದಾರಕ್ಕೆ ಕಟ್ಟಿದ ಪೆನ್ಸಿಲು. ಅವನೊಡನೆ ಬರಬೇಕಿದ್ದ ದುಭಾಷಿಗೆ ಸಿಂಧನೂರಿನಲ್ಲಿ ಜ್ವರ ಬಂದಿತ್ತು. ಹಾಗಾಗಿ ಅರ್ಜಿ ಬರೆದ ಶಾಮೀದಸಾಬರೇ ಮಾತು ತಿರುಗಿಸಲು ನಿಂತರು. ಅವರ ಇಂಗ್ಲಿಷು ಕೂಡ ಶೇರ್ವಾನಿ ತೊಟ್ಟಂತಿತ್ತು.

ಆದಪ್ಪ ಮುಂದೆ, ಸಾಹೇಬ ಹಿಂದೆ. ಮೂವತ್ತಾರು ಮೆಟ್ಟಿಲು ಇಳಿದರು, ಮೂವತ್ತಾರು ಮೆಟ್ಟಿಲು ಹತ್ತಿದರು. ಸಾಹೇಬ ಬಗ್ಗಿ ನೀರನ್ನು ನೋಡಿದ, ರಂಗೋಲಿಯನ್ನು ದಾಟಿ ನಡೆದ, ಹಿತ್ತಾಳೆ ಕೊಡಗಳಿಗೆ ತಲೆದೂಗಿದ. ಊರೊಳಗೆ ಸುತ್ತಾಡಿದ. ಎಲ್ಲೆಲ್ಲೂ ಗಟ್ಟಿಮುಟ್ಟಾದ ಜನ, ತೊಳೆದ ಮುಖದ ಮಕ್ಕಳು.

"ರೋಗ ರುಜಿನ ಏನಾದರೂ?" ಶಾಮೀದಸಾಬರ ಮೂಲಕ ಕೇಳಿದ.

"ಕೆಮ್ಮು ಸೈತ ಇಲ್ರಿ," ಎಂದ ಆದಪ್ಪ.

ಆದಪ್ಪನ ಮನೆಯ ಅಂಗಳದಲ್ಲಿ ನಾಲ್ಕು ಹೋಳಿಗೆ ಉಂಡ ಮೇಲೆ ಸಾಹೇಬ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದ. ಆದಪ್ಪ ಬೀಸಣಿಗೆ ಬೀಸುವ ನೆಪದಲ್ಲಿ ಕತ್ತು ಚಾಚಿ ನೋಡಿದ. ಹಾಳೆಯಲ್ಲಿ ಮೊದಲ ಪ್ರಶ್ನೆಯ ಮನೆಯೊಳಗೆ ದುಂಡಗಿನದೊಂದು ಬಿದ್ದಿತ್ತು.

"ಪೂರಾ ಅಂಕ ಬಿದ್ದಂಗೈತಿ. ಎಷ್ಟು ದುಂಡಗೈತಿ ನೋಡ್ರಿ," ಎಂದು ಪಿಸುಗುಟ್ಟಿದ.

"ಅದು ಸೊನ್ನಿ, ಆದಪ್ಪ."

ಏಳನೆಯ ಮನೆಯಲ್ಲೂ ಅಂಥದೇ ಇನ್ನೊಂದು. ಗಂಗಮ್ಮ ಎಂಬವರು ಯಾವ ಇಲಾಖೆಯವರು, ಅವರ ಸಹಿ ಯಾಕಿಲ್ಲ ಎಂದು ಸಾಹೇಬ ಕೇಳಿದ್ದಕ್ಕೆ ಶಾಮೀದಸಾಬರು ಉತ್ತರ ಹುಡುಕುತ್ತಾ ಆಕಾಶ ನೋಡಿದ್ದರು.

ಸಾಹೇಬ ಎದ್ದು ಕೈಕುಲುಕಿದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಇಷ್ಟು ಸುಖವಾಗಿರುವ ಊರನ್ನು ಈ ಸೀಮೆಯಲ್ಲಿ ಎಲ್ಲೂ ಕಂಡಿಲ್ಲ, ನಮ್ಮ ನೆರವು ಇದಕ್ಕಿಂತ ಕಷ್ಟದಲ್ಲಿರುವ ಊರಿಗೆ ಹೋಗಲಿ ಎಂದು ನೀವೂ ಬಯಸುತ್ತೀರಿ ಎಂದು ಬಲ್ಲೆ, ಎಂದ. ಶಾಮೀದಸಾಬರು ಅದನ್ನು ಕನ್ನಡಕ್ಕೆ ತಂದಾಗ ಆದಪ್ಪ ಮುಗುಳ್ನಗುತ್ತಾ ತಲೆಯಾಡಿಸಿದ. ಅತಿಥಿಯ ಮುಂದೆ ಇನ್ನೇನು ಮಾಡಲಾಗುತ್ತದೆ?

ಸಾಹೇಬ ಜೀಪಿನ ಕಡೆ ಎರಡು ಹೆಜ್ಜೆ ಇಟ್ಟಿರಬೇಕು. ಗದ್ದೆಮ್ಮ ಸೆರಗು ತಲೆಯ ಮೇಲೆಳೆದುಕೊಂಡು ಅಂಗಳದ ನಡುವೆ ಬಂದು ನಿಂತಳು. ಊರಿನ ಗಂಡಸರೆಲ್ಲ ಕೂತಿದ್ದಾಗ ಹೆಂಗಸೊಬ್ಬಳು ಹಾಗೆ ಬಂದು ನಿಂತದ್ದು ಅದೇ ಮೊದಲು.

"ಸಾಹೇಬ್ರ, ಒಂದು ಮಾತು. ನಮ್ಮ ತಮ್ಮ ಇವತ್ತು ನಿಮಗ ಹೆಣ್ಣು ತೋರಿಸಿದಂಗ ಊರು ತೋರಿಸ್ಯಾನ. ಚಲೋ ತೋರಿಸ್ಯಾನ, ತಪ್ಪಿಲ್ಲ. ಆದ್ರ ಹೆಣ್ಣು ನೋಡಾಕ ಬಂದವರು ನಡೆಸಿ ನೋಡದ ಎದ್ದು ಹೊಂಟಿದ್ದು ನಾ ಎಲ್ಲೂ ಕಂಡಿಲ್ಲ. ನಮ್ಮೂರ ನಡಿಗಿ ನೋಡಿ ಹೋಗ್ರಿ."

ಆ ಸೀಮೆಯಲ್ಲಿ ಹೆಣ್ಣು ನೋಡುವಾಗ ಹುಡುಗಿಯ ಕೈಗೆ ಎಲೆ ಅಡಿಕೆಯ ತಟ್ಟೆ ಕೊಟ್ಟು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಕಳಿಸುತ್ತಾರೆ. ನೋಡುವುದು ಎಲೆಯನ್ನಲ್ಲ, ಹೆಜ್ಜೆಯನ್ನು. ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಶಾಮೀದಸಾಬರು ಆದಪ್ಪನ ಕಡೆ ನೋಡಿದರು. ಆದಪ್ಪನ ಕಣ್ಣು ಬೇಡ ಎನ್ನುತ್ತಿತ್ತು. ಗದ್ದೆಮ್ಮನ ಕಡೆ ನೋಡಿದರು. ಆಮೇಲೆ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಅವಳು ಹೇಳಿದ್ದನ್ನು ಹೇಳಿದಂತೆಯೇ ಹೇಳಿದರು. ಅಂದು ಅವರ ಇಂಗ್ಲಿಷಿಗೆ ಅಲಂಕಾರವಿರಲಿಲ್ಲ.

ಗ್ಯಾನಮ್ಮ ಎದುರಿಗಿದ್ದ ತನ್ನ ಮನೆಯ ಬಾಗಿಲಲ್ಲಿ ಕಾಣಿಸಿಕೊಂಡಳು. ಕೈಯಲ್ಲಿ ತಟ್ಟೆ. ಬಲಗಾಲಿನ ಹಿಮ್ಮಡಿಗೆ ಬಟ್ಟೆ ಸುತ್ತಿತ್ತು, ಬಟ್ಟೆಯಿಂದ ಬೆಂಕಿಕಡ್ಡಿಯ ತುದಿ ಹೊರಗೆ ಕಾಣುತ್ತಿತ್ತು. ಬಾಗಿಲಿನಿಂದ ಜೀಪಿಗೆ ಇಪ್ಪತ್ತು ಹೆಜ್ಜೆ. ಗೋಡೆ ಇರುವಷ್ಟು ದೂರ ಗೋಡೆ ಹಿಡಿದು ಬಂದಳು. ಗೋಡೆ ಮುಗಿದ ಮೇಲೆ ಒಂದು ಕಾಲು ಊರಿ, ಇನ್ನೊಂದನ್ನು ಬೆರಳ ತುದಿಯಲ್ಲಿ ಮಾತ್ರ ಮುಟ್ಟಿಸುತ್ತಾ ಬಂದಳು. ಪ್ರತಿ ಕುಪ್ಪಳಿಕೆಗೂ ತಟ್ಟೆಯಿಂದ ಒಂದೊಂದು ಅಡಿಕೆ ಚೂರು ನೆಲಕ್ಕೆ ಹಾರುತ್ತಿತ್ತು.

"ಯವ್ವಾ, ಮುಟ್ಟೋತನಕ ಬರೇ ಎಲಿ ಉಳಿತಾವ," ಎಂದು ಹಲ್ಲು ಕಚ್ಚಿಕೊಂಡೇ ಹೇಳಿದಳು.

"ಉಳಿದಷ್ಟು ಉಳೀಲಿ. ನೀ ಬಾ."

ಸಾಹೇಬ ಕಾಯಲಿಲ್ಲ. ತಾನೇ ನಾಲ್ಕು ಹೆಜ್ಜೆ ಮುಂದೆ ಹೋಗಿ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಹಲಗೆಯನ್ನು ಪಕ್ಕಕ್ಕಿಟ್ಟು, ಸುಣ್ಣದ ಹೊಸ ಗೋಡೆಗೆ ಒರಗಿ ನೆಲದ ಮೇಲೆ ಕುಳಿತು ಅವಳ ಕಾಲನ್ನು ನೋಡಿದ. ಬಹಳ ಹೊತ್ತು ನೋಡಿದ.

"ಇಂಥವರು ಇನ್ನೂ ಇದ್ದಾರೆಯೇ?"

"ಹತ್ತು ಮಂದಿ ಅದಾರ್ರಿ," ಎಂದಳು ಗದ್ದೆಮ್ಮ. "ತುರ್ವಿಹಾಳಕ್ಕ ಬೀಗರ ಮನಿಗೆ ಹೋಗ್ಯಾರ. ಬಂಡೀ ಮ್ಯಾಲ."

ಸಾಹೇಬ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಕಣ್ಣಾರೆ ಕಂಡರೂ ಅರ್ಜಿಯಲ್ಲಿ ಇಲ್ಲದ್ದಕ್ಕೆ ಅಂಕ ಹಾಕುವ ಅಧಿಕಾರ ತನಗಿಲ್ಲ ಎಂದ. ಹದಿನೈದು ದಿನ ಕೊಡುತ್ತೇನೆ, ಇನ್ನೊಂದು ಅರ್ಜಿ ಬರೆಯಿರಿ, ಹುಣ್ಣಾದವರ ಹೆಸರು, ವಯಸ್ಸು, ಯಾವ ಕಾಲು ಎಂಬುದೆಲ್ಲ ಇರಲಿ ಎಂದು ಹೇಳಿ ಜೀಪು ಹತ್ತಿದ. ಅವನ ಅಂಗಿಯ ಬೆನ್ನೆಲ್ಲ ಸುಣ್ಣವಾಗಿತ್ತು.

*

ನಾಲ್ಕು ದಿನ ಆದಪ್ಪ ಅಕ್ಕನೊಡನೆ ಮಾತಾಡಲಿಲ್ಲ. ಐದನೆಯ ದಿನ ಗದ್ದೆಮ್ಮ ಸಜ್ಜಿ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಅವನ ಮನೆಗೆ ಹೋಗಿ ಮುಂದಿಟ್ಟಳು. ಅವನು ಗೋಡೆ ನೋಡುತ್ತಾ ಎರಡು ರೊಟ್ಟಿ ತಿಂದ. ಮೂರನೆಯದಕ್ಕೆ ಕೈ ಹಾಕುತ್ತಾ, "ಶಾಮೀದಸಾಬರಿಗೆ ಹೇಳಿ ಕಳಸೀನಿ," ಎಂದ.

ಅಂದು ಸಂಜೆ ಅವನ ಮನೆಯ ಕಟ್ಟೆಯ ಮೇಲೆ ಊರೇ ಸೇರಿತು. ಶಾಮೀದಸಾಬರು ಹೊಸ ಹಾಳೆ ಬಿಚ್ಚಿದರು. ಸಾಹೇಬರ ದೇಶದ ಹವಾಮಾನವನ್ನು ಈ ಸಲ ಕೈಬಿಡಬೇಕಾಯಿತಲ್ಲ ಎಂಬ ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು.

"ಗ್ಯಾನಮ್ಮ, ಹದಿನೆಂಟು. ಯಾವ ಕಾಲು?"

"ಬಲಗಾಲು."

"ಯಮನಮ್ಮ?"

"ಎರಡೂ ಬರಕೋರಿ," ಎಂದಳು ಯಮನಮ್ಮ ಎಂಬ ಮುದುಕಿ. "ನನ್ನ ಮ್ಯಾಲ ಅದಕ್ಕ ಪ್ರೀತಿ ಜಾಸ್ತಿ. ಅಂಕಾನೂ ಎರಡರಷ್ಟು ಬರತಾವೇನ್ರಿ?"

ಕಟ್ಟೆಯ ಮೇಲೆ ನಗು ಎದ್ದಿತು. ಮುಚ್ಚಿಟ್ಟದ್ದನ್ನು ಹೇಳಿಕೊಳ್ಳಲು ಶುರು ಮಾಡುವುದೇ ಕಷ್ಟ. ಒಮ್ಮೆ ಬಾಯಿ ಬಿಟ್ಟ ಮೇಲೆ ಅದರಲ್ಲೂ ಒಂದು ಹಗುರ ಸಿಗುತ್ತದೆ. ಭಜನೆಯಲ್ಲಿ ಒಬ್ಬೊಬ್ಬರಾಗಿ ದನಿ ಕೂಡಿಸುವಂತೆ ಜನ ಹೇಳುತ್ತಾ ಹೋದರು. ಮಗ್ಗುಲಿಗೆ ಎದ್ದದ್ದು, ಕೈಗೆ ಎದ್ದದ್ದು, ಹೋದ ವರ್ಷದ್ದು, ಅದರ ಹಿಂದಿನದು. ಹನ್ನೊಂದು ಹೆಸರು ಮುಗಿದವು. ಶಾಮೀದಸಾಬರು ಕೆಳಗೆ ಗೆರೆ ಎಳೆಯಲು ಹೊರಟರು.

"ಗೆರಿ ಹೊಡೀಬ್ಯಾಡ್ರಿ," ಎಂದಳು ಗದ್ದೆಮ್ಮ. "ಹನ್ನೆರಡು."

"ಹನ್ನೆರಡನೇದವರು ಯಾರು?"

ಗದ್ದೆಮ್ಮ ತಮ್ಮನ ಕಡೆ ತಿರುಗಿದಳು. "ನೀನಾ ಹೇಳತೀಯೋ, ನಾ ಹೇಳಲೋ?"

ಆದಪ್ಪ ಧೋತರದ ಅಂಚನ್ನು ಕಾಲಿನ ಮೇಲೆ ಎಳೆದುಕೊಂಡ.

"ಆವತ್ತು ಸಾಹೇಬನ ಸಂಗಾಟ ಮೂವತ್ತಾರು ಮೆಟ್ಟಿಲಾ ಇಳಿದು ಹತ್ತಿದಿ. ಸಾಹೇಬ ಬಾವಿ ನೋಡಾಕತ್ತಿದ್ದ. ನಾ ನಿನ್ನ ಮುಖಾ ನೋಡಾಕತ್ತಿದ್ದೆ."

ಆದಪ್ಪ ನಿಧಾನವಾಗಿ ಧೋತರ ಸರಿಸಿದ. ಎಡ ಮೀನಖಂಡದ ಮೇಲೆ ಬಿಗಿಯಾಗಿ ಸುತ್ತಿದ ಪಟ್ಟಿಯಿತ್ತು. ಬಿಚ್ಚಿದಾಗ ಬೆಂಕಿಕಡ್ಡಿ ಕಂಡಿತು. ನಾಲ್ಕು ಸುತ್ತು ಸುತ್ತಿಯಾಗಿ, ಹುಣ್ಣಿನ ಸುತ್ತ ಬಾವು ಬಂದಿತ್ತು. ಅಕ್ಕನ ಮಗಳು ಗ್ಯಾನಮ್ಮನನ್ನು ಬಂಡಿಯ ಮೇಲೆ ಕಳಿಸಲು ಹೊರಟವನು ತನ್ನ ಕಾಲನ್ನು ಮಾತ್ರ ಎಲ್ಲಿಗೂ ಕಳಿಸಲಾಗದೆ ಅದರ ಮೇಲೇ ನಿಂತು ಇಡೀ ದಿನ ನಗುತ್ತಿದ್ದ. ಕಟ್ಟೆಯ ಮೇಲೆ ಯಾರೂ ನಗಲಿಲ್ಲ.

ಗ್ಯಾನಮ್ಮ ಕುಪ್ಪಳಿಸುತ್ತಾ ಹತ್ತಿರ ಬಂದು ನೋಡಿದಳು. "ಮಾವಾ, ಕಡ್ಡಿ ಉಲ್ಟಾ ಸುತ್ತೀಯಲ್ಲೋ. ಹಿಂಗಾದ್ರ ದೀಪಾವಳಿತನಕ ಹೊಂಡೋದಿಲ್ಲ. ಕೊಡು ಇಲ್ಲಿ."

ಅವಳು ಪಕ್ಕದಲ್ಲಿ ಕೂತು ಸುತ್ತು ಬಿಚ್ಚಿ ಸರಿಮಾಡುವಾಗ ಅವನು ಶಾಮೀದಸಾಬರಿಗೆ ಹೇಳಿದ: "ಚೇರ್ಮನ್ ಅಂತ ಬರೀಬ್ಯಾಡ್ರಿ. ಬರೇ ಆದಪ್ಪ ಅಂತ ಬರೀರಿ. ಎಡಗಾಲು."

ಉಳಿದ ಪ್ರಶ್ನೆಗಳು ಸಲೀಸಾದವು. ಈ ಕೆಲಸದಿಂದ ಯಾರಿಗಾದರೂ ತೊಂದರೆಯೇ ಎಂಬುದಕ್ಕೆ, ಗಂಗಮ್ಮನ ಗೂಡು ಮುಚ್ಚಿಹೋಗುತ್ತದೆ, ಅವಳನ್ನು ಮೇಲೆ ತರಬೇಕು ಎಂದು ಬರೆಸಿದರು. ಕೆಲಸ ಫಲಿಸಿತೆಂದು ಹೇಗೆ ತಿಳಿಯುವುದು ಎಂದದ್ದಕ್ಕೆ ಗದ್ದೆಮ್ಮ, "ಮೆಟ್ಟಿಲು ಮುಚ್ಚಿದ ಮೊದಲನೇ ವರ್ಷ ತಿಳಿಯಂಗಿಲ್ಲ, ಹಿಂದಿನ ನೀರು ಮೈಯಾಗ ಇರತೈತಿ. ಎರಡನೇ ವರ್ಷ ನಾಟಿಗೆ ಬಂದು ನೋಡ್ರಿ," ಎಂದಳು. ಏಳನೆಯದು ಬಂತು.

"ಗಂಗಮ್ಮ ಅಂದ್ರ ಸೊನ್ನಿ ಹಾಕತಾನ," ಎಂದು ಆದಪ್ಪ ನಿಟ್ಟುಸಿರುಬಿಟ್ಟ. "ಸುಳ್ಳೇನು ಹೇಳಿದ್ದೆವು ನಾವು?"

"ಸುಳ್ಳಲ್ಲ. ಪೂರಾ ಹೇಳಲಿಲ್ಲ," ಎಂದಳು ಗದ್ದೆಮ್ಮ. "ಗಂಗಮ್ಮನ ದೀಪಕ್ಕ ದಿನಾ ಎಣ್ಣಿ ಯಾರು ಹಾಕತಾರ?"

"ಪಾಳಿ ಮನಿಯವರು."

"ಒಂದಿನರ ತಪ್ಪೈತೇನು?"

"ನಮ್ಮಪ್ಪ ಸತ್ತ ದಿನಾನೂ ತಪ್ಪಿಲ್ಲ. ನಮ್ಮದಾ ಪಾಳಿ ಇತ್ತು."

"ಅದನ್ನ ಬರೀರಿ. ದೀಪದ ಪಾಳಿ ಯಾರದೋ ಆವತ್ತು ಹಗ್ಗ, ಗಡಗಡಿ, ಬಾವಿ ಸುತ್ತಲಿನ ಕಸ ಅವರದಾ."

ಶಾಮೀದಸಾಬರು ಅರವತ್ತೆರಡು ಮನೆಗಳ ಹೆಸರನ್ನೂ ಪಾಳಿಯ ಕ್ರಮದಲ್ಲಿ ಬರೆದರು. ಅಂಥ ಉದ್ದದ ದರ್ಖಾಸ್ತನ್ನು ಅವರು ನಿಜಾಮರಿಗೂ ಬರೆದಿರಲಿಲ್ಲ. ಭಗವಂತ ಊರನ್ನು ನಡೆಸುವುದು ಹೀಗೆಯೇ ಇದ್ದೀತು, ಮನೆಗೊಂದು ದಿನದಂತೆ. ಅದು ಪಾಳಿಯವರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಶ್ರಾವಣದಲ್ಲಿ ಅಂಕ ಬಂದವು. ಎಪ್ಪತ್ತೆಂಟು; ಬಾವಿ ಸಿಗುವ ಮೂರು ಊರುಗಳಲ್ಲಿ ಹುಣಸಿದಿನ್ನಿಯೂ ಒಂದು. ಆದಪ್ಪ ಆ ಕಾಗದವನ್ನು ಮಡಿಸಿ ರುಮಾಲಿನಲ್ಲಿಟ್ಟುಕೊಂಡು, ಇಪ್ಪತ್ತೆರಡು ಎಲ್ಲಿ ಹೋದವು ಎಂದು ಶಾಮೀದಸಾಬರನ್ನು ಒಂದು ವಾರ ಕಾಡಿದ.

*

ಮುಂದಿನ ಮಾಘದಲ್ಲಿ ಮೆಟ್ಟಿಲ ಬಾಯಿಗೆ ಕಲ್ಲು ಕಟ್ಟಿ, ಸುತ್ತ ಎದೆಮಟ್ಟದ ಗೋಡೆ ಏರಿಸಿ, ನೀರು ಸೇದುವ ಗಡಗಡಿ ಹಾಕಿದರು. ಗಂಗಮ್ಮನನ್ನು ಮೇಲೆ ತಂದು ಗೋಡೆಯಲ್ಲೇ ಗೂಡು ಮಾಡಿ ಕೂರಿಸಿದರು. ಅವಳು ಬಿಸಿಲು ಕಂಡು ಎಷ್ಟು ಕಾಲವಾಗಿತ್ತೋ.

ಆ ವರ್ಷದ ಮಳೆಗಾಲಕ್ಕೆ ಒಂಬತ್ತು ಮಂದಿಗೆ ಹುಣ್ಣೆದ್ದಿತು. ಗ್ಯಾನಮ್ಮನಿಗೂ ಎದ್ದಿತು, ಈ ಸಲ ಎಡಗಾಲಿಗೆ. ಊರು ಗೊಣಗಿತು. ಪರದೇಶದವರ ಮಾತು ಕೇಳಿ ತಾಯಿಯನ್ನು ಜಾಗ ಬಿಡಿಸಿದೆವು, ಮುನಿಸು ಹೆಚ್ಚಾಯಿತು ಎಂದರು. ನಾಲ್ಕು ಮಂದಿ ಹಾರೆ ಹಿಡಿದು ಮೆಟ್ಟಿಲು ಬಿಡಿಸಲು ಹೋದಾಗ ಗೋಡೆಯ ಮೇಲೆ ಆದಪ್ಪ ಕೂತಿದ್ದ.

"ಅಕ್ಕ ಮೊದಲನೇ ವರ್ಷ ತಿಳಿಯಂಗಿಲ್ಲ ಅಂತ ಬರಸ್ಯಾಳ. ನೀವೆಲ್ಲಾ ಹೆಬ್ಬಟ್ಟು ಒತ್ತೀರಿ. ಬರೋ ವರ್ಷತನಕ ಯಾರರ ಕಲ್ಲು ಮುಟ್ಟಿದ್ರ ನನ್ನ ಕಾಲು ತುಳದು ಹೋಗ್ಬೇಕು, ನೋಡ್ರಿ."

"ಯಾವ ಕಾಲು?" ಎಂದ ಒಬ್ಬ.

"ನಿಮಗ ಬೇಕಾದ್ದು," ಎಂದ ಆದಪ್ಪ.

ಅವರು ಹಾರೆ ಹೊತ್ತು ವಾಪಸು ಹೋದರು. ಗದ್ದೆಮ್ಮ ಮಾತ್ರ ಆ ವರ್ಷ ಯಾರಿಗೂ ಏನೂ ಹೇಳಲಿಲ್ಲ. ಲೆಕ್ಕ ಸರಿ ಎಂದು ತಲೆಗೆ ಗೊತ್ತಿತ್ತು. ಕಾಲು ಮಗಳದು.

ಎರಡನೆಯ ವರ್ಷದ ಬೇಸಿಗೆ ಕಳೆಯುತ್ತಾ ಬಂದಂತೆ ಅವಳು ದಿನಾ ನಸುಕಿನಲ್ಲಿ ಎದ್ದು, ಮಲಗಿದ ಮಗಳ ಎರಡೂ ಪಾದಗಳನ್ನು ಹಿಡಿದು, ಬೆರಳಾಡಿಸಿ ನೋಡುತ್ತಿದ್ದಳು. ರೋಹಿಣಿ ಕಳೆಯಿತು. ಮಿರಗ ಹಿಡಿಯಿತು. ಯಮನಮ್ಮ ಎರಡು ಕಾಲಿನಲ್ಲಿ ನಡೆದು ಬಂದು ಕಟ್ಟೆಯ ಮೇಲೆ ಕೂತು, ಈ ವರ್ಷ ತನ್ನನ್ನು ಯಾರೂ ಪ್ರೀತಿಸುತ್ತಿಲ್ಲ ಎಂದು ದೂರು ಹೇಳಿದಳು. ಕಾಲುವೆಗೆ ನೀರು ಬಿಟ್ಟರು. ತುರ್ವಿಹಾಳದಿಂದ ನಾಟಿಗೆ ಕರೆ ಬಂತು.

ಮೊದಲ ದಿನ ಹೆಂಗಸರು ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದರು. ಗ್ಯಾನಮ್ಮ ಬದುವಿನ ಮೇಲೆ ಒಂದು ಗಳಿಗೆ ನಿಂತಳು. ಐದು ವರ್ಷದಿಂದ ನಾಟಿ ಕಂಡವಳಲ್ಲ. ಬಲಗಾಲು ಇಟ್ಟಳು, ಹಿಮ್ಮಡಿ ಪೂರ್ತಿ ಊರಿತು, ಎಡಗಾಲು ಇಟ್ಟಳು. ಸಾಲಿನ ತುದಿಯಲ್ಲಿ, ತಾಯಿಯ ಪಕ್ಕದಲ್ಲಿ ನಿಂತು ಬಗ್ಗಿದಳು. ಇನ್ನೂ ಸ್ವಲ್ಪ ಎಳೆದೇ ಹೆಜ್ಜೆ ಹಾಕುತ್ತಿದ್ದಳು. ಆ ಕೆಸರಿನಲ್ಲಿ ಎಲ್ಲರದೂ ಹಾಗೇ.

ಗದ್ದೆಮ್ಮ ಅರ್ಧ ಗದ್ದೆ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ತಿರುಗಿ ನೋಡಿದಳು.

"ಯಾಕಬೇ ಗ್ಯಾನಿ, ಸಾಲು ಸೊಟ್ಟ ಹೊಂಟೈತಿ?"

"ನಿನ್ನ ಸಾಲು ನೋಡೇ ಹಚ್ಚಾಕತ್ತೀನಿ ಯವ್ವಾ," ಎಂದಳು ಮಗಳು. "ನಿಂದಾ ಸೊಟ್ಟ ಐತಿ, ನೋಡು."

ಗದ್ದೆಮ್ಮ ನೋಡಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳ ಸಾಲು ಮಗಳಿದ್ದ ಬದುವಿನ ಕಡೆಗೆ ವಾಲಿತ್ತು. ಅವಳು ಕೆಸರಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಮಣ್ಣು ಮಾಡಿಕೊಂಡಳು. ಹೆಂಗಸರೆಲ್ಲ ನಕ್ಕರು. "ಬಾಯಿ ಸಾಕು, ಕೈ ನಡಸ್ರಿ," ಎಂದು ಬೈದು, ಅವಳು ಮತ್ತೆ ಬಗ್ಗಿದಳು.